ಅಭ್ಯಾಸ ಆಗ್ತಿಲ್ಲ

ಸಾತಪುರ, ನಾಸಿಕ್
20 ಜುಲೈ 2025, ರವಿವಾರ

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತ ಹಿರಿಯರೇ, ಹಿಂದಿನ ಸಾಲಿನಲ್ಲಿ ಚಹಾ ಯಾವಾಗ ಬರುತ್ತದೆಂದು ಬಾಗಿಲು ನೋಡುತ್ತಿರುವ ನಾಗರಿಕರೇ,

ನಮ್ಮ ಮನೆತನದ ಹೆಣ್ಣುಮಗಳೊಬ್ಬಳು ಮೊಟ್ಟಮೊದಲ ಸಲ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಈ ಶುಭ ಸಂದರ್ಭದಲ್ಲಿ ‘ಓದುವುದು ಹೇಗೆ’ ಎಂಬ ವಿಷಯದ ಮೇಲೆ ಎರಡು ಮಾತನಾಡಲು ನನ್ನನ್ನು ಯಾರೂ ಕರೆದಿಲ್ಲ. ಆದರೂ ಬಂದಿದ್ದೇನೆ.

ಮಗಳೇ ಶರ್ವಾಣಿ, ಸಭೆಯಲ್ಲಿ ಇರುವವಳು ನಿನ್ನವ್ವ ಒಬ್ಬಳೇ. ಚವಳಿಕಾಯಿ ಸೋಸುತ್ತ ಕೂತಿದ್ದಾಳೆ. ಮೇಲಿನ ಸಾಲುಗಳನ್ನು ಗಟ್ಟಿಯಾಗಿ ಓದಿ ತೋರಿಸಿದೆ. “ಪತ್ರ ಬರೀಲಾಕತ್ತೀರೋ, ಇಲೆಕ್ಷನ್‌ಕ ನಿಂತೀರೋ?” ಎಂದಳು. ಚಪ್ಪಾಳೆ ಅಷ್ಟೇ.

ಹಾಸ್ಟೆಲಿನ ಬಾಗಿಲಲ್ಲಿ ಆದ ಕರಾರು ನೆನಪಿರಲಿ. ಹದಿನೈದು ದಿನಕ್ಕೊಂದು ಪತ್ರ, ಕನ್ನಡದಲ್ಲಿ, ಕೈಯಿಂದ ಬರೆದದ್ದು. ಫೋನಿನಲ್ಲಿ ನಮ್ಮ ನಡುವೆ ಮೂರೇ ಮಾತು: ಊಟ ಆಯ್ತಾ, ಆಯ್ತು, ಇಡ್ತೀನಿ. ಹತ್ತನೆಯವರೆಗೆ ಮರಾಠಿಯಲ್ಲಿ ಓದಿದೆ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ನನ್ನ ಹತ್ತಿರ, ಬೇಸಿಗೆ ರಜೆಯಲ್ಲಿ, ಮಾವಿನಹಣ್ಣಿನ ಲಂಚಕ್ಕೆ. ಬರೆಯದಿದ್ದರೆ ಹೋಗಿಬಿಡುತ್ತದೆ.

ಇನ್ನು ಉಪದೇಶ. ನಿನ್ನಪ್ಪ ಮನ್ಮಥಪ್ಪ ಕಾರ್ಖಾನೆಯಲ್ಲಿ ಬರೀ ಬುಷ್ ಅಳೆಯುವ ಮನುಷ್ಯ ಎಂದು ತಿಳಿಯಬೇಡ. ಬೀದರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಬಿ.ಎ., ಅದೂ ಫಸ್ಟ್ ಕ್ಲಾಸ್. ನನ್ನ ವಿಧಾನ ಇದು:

ಓದಿದ್ದನ್ನು ಬರೆ,
ಬರೆದದ್ದನ್ನು ಮರೆ,
ಮರೆತದ್ದನ್ನು ಕರೆ.

ಕೂಡುವ ಜಾಗದ ಬಗ್ಗೆಯೂ ಒಂದಿದೆ: ಮುಂದಿನ ಬೆಂಚು, ಕಣ್ಣಿಗೆ ಮಿಂಚು; ಹಿಂದಿನ ಬೆಂಚು, ಸೋರುವ ಹಂಚು. ಗೋಡೆಗೆ ಅಂಟಿಸಿಕೋ.

ನಿನ್ನ ಪಪ್ಪಾ

ಛತ್ರಪತಿ ಸಂಭಾಜಿನಗರ
3 ಆಗಸ್ಟ್ 2025

ತೀರ್ಥರೂಪ ಪಪ್ಪಾ ಅವರಿಗೆ ಶರ್ವಾಣಿ ಮಾಡುವ ನಮಸ್ಕಾರಗಳು. ಈ ಸಾಲು ನೀವೇ ಕಲಿಸಿದ್ದು, ಇದರಾಗ ತಪ್ಪಿಲ್ಲ. ಮುಂದಿನದರಲ್ಲಿ ಇದ್ದರೆ ನಗಬೇಡಿ.

ನನ್ನ ಖೋಲಿಯಲ್ಲಿ ಮುಕ್ತಾ ಅಂತ ಹುಡುಗಿ ಇದ್ದಾಳ, ಪೈಠಣದವಳು. ಇಂಗ್ಲಿಷ್ ಮಾಧ್ಯಮ. ಒಳ್ಳೆಯವಳು, ಆದ್ರೆ ನಿದ್ದೆಯಲ್ಲಿ ಮಾತಾಡ್ತಾಳ, ಅದೂ ಇಂಗ್ಲಿಷ್‌ನಲ್ಲಿ.

ಸ್ಟ್ಯಾಟಿಸ್ಟಿಕ್ಸ್ ಸರ್ ಒಂದು ತಾಸು ಬೋರ್ಡ್ ಮೇಲೆ ಬರೀತಾರ. ನಾನು ಎಲ್ಲಾ ಇಳಿಸಿಕೊಳ್ತೀನಿ. ಇನ್ನೂರು ಪುಟದ ಒಂದು ವಹಿ ಆಗಲೇ ಮುಗೀತು. ಸಂಜೆ ತೆಗೆದು ನೋಡಿದ್ರೆ ಅಕ್ಷರ ನಂದೇ, ಆದ್ರೆ ಬೇರೆ ಯಾರೋ ಬರೆದಂಗ ಅನಿಸ್ತದ. ಮುಂದಿನ ಬೆಂಚಿನಲ್ಲೇ ಕೂಡ್ತೀನಿ. ಮಿಂಚು ಇನ್ನೂ ಬಂದಿಲ್ಲ.

ಲೈಬ್ರರಿಯಲ್ಲಿ ದಿನಾ ನಾಲ್ಕು ತಾಸು ಕೂಡ್ತೀನಿ. ಆದ್ರೂ ಅಭ್ಯಾಸ ಆಗ್ತಿಲ್ಲ ಪಪ್ಪಾ. ಏನು ಮಾಡ್ಲಿ?

ಮಮ್ಮಿಗೆ ನಮಸ್ಕಾರ.

ಶರ್ವಾಣಿ

ಸಾತಪುರ, ನಾಸಿಕ್
10 ಆಗಸ್ಟ್ 2025, ರವಿವಾರ

ನನ್ನವ್ವ ಶರ್ವಾಣಿ,

‘ಅಭ್ಯಾಸ ಆಗ್ತಿಲ್ಲ’ ಎಂಬ ನಿನ್ನ ಸಾಲನ್ನು ಮೂರು ಸಲ ಓದಿದೆ. ಹೇಗೆ ಆದೀತು? ಹೊಸ ಊರು, ಹೊಸ ನೀರು, ಹೊಸ ಸಾರು. ಹದಿನೆಂಟು ವರ್ಷ ಅವ್ವನ ಕೈಯ ರೊಟ್ಟಿ ತಿಂದವಳಿಗೆ ಹಾಸ್ಟೆಲಿನ ಚಪಾತಿ ಮೂರು ವಾರದಲ್ಲಿ ಒಗ್ಗಬೇಕೆಂದರೆ ಚಪಾತಿಗೂ ಕಷ್ಟ.

ನನಗೆ ನಾಸಿಕ್ ಅಭ್ಯಾಸ ಆಗಲು ಎರಡು ವರ್ಷ ಹಿಡಿಯಿತು. 2003ರಲ್ಲಿ ಬಂದ ಹೊಸತರಲ್ಲಿ ರವಿವಾರಕ್ಕೊಮ್ಮೆ ನಾಸಿಕ್ ರೋಡ್ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂಡುತ್ತಿದ್ದೆ. ಎಲ್ಲಿಗೂ ಹೋಗುವುದಿರಲಿಲ್ಲ. ಯಾರಾದರೂ ‘ಏನ್ರೀ’ ಅಂದಾರೇನೋ ಎಂದು ಕಿವಿ ಕೊಟ್ಟು ಕೂಡುವುದು. ಒಂದು ದಿನ ಒಬ್ಬ ಅಂದ. ತಿರುಗಿ ನೋಡಿದರೆ ನನಗಲ್ಲ, ತನ್ನ ಹೆಂಡತಿಗೆ. ಆದರೂ ಒಂದು ವಾರ ಸಾಕಾಯಿತು. ನಿನಗೂ ಹಾಗೆಯೇ ಆಗುತ್ತದೆ, ಅವಸರ ಮಾಡಬೇಡ.

ನಮ್ಮ ಕಾರ್ಖಾನೆಯ ಭುಜಂಗರಾವ್ ಮದುವೆಗೆಂದು ನಿನ್ನ ಊರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಶೇಂಗಾ ಚಟ್ನಿ ಕಳಿಸಿದ್ದೇನೆ, ಎರಡು ಡಬ್ಬಿ. ಅವರೂ ನಮ್ಮ ಭಾಲ್ಕಿ ಕಡೆಯವರು, ಶೇಂಗಾ ಚಟ್ನಿಯ ವಿಷಯದಲ್ಲಿ ನಂಬುವ ಹಾಗಿಲ್ಲ. ಡಬ್ಬಿ ಹಗುರವಿದ್ದರೆ ತಿಳಿಸು.

ಪಪ್ಪಾ

ಛತ್ರಪತಿ ಸಂಭಾಜಿನಗರ
24 ಆಗಸ್ಟ್ 2025

ಪಪ್ಪಾ ಅವರಿಗೆ ನಮಸ್ಕಾರ.

ಚಟ್ನಿ ಸಿಕ್ತು. ಡಬ್ಬಿ ತುಂಬ ಇತ್ತು, ಭುಜಂಗ ಕಾಕಾ ಮುಟ್ಟಿಲ್ಲ. ಅರ್ಧ ಮುಕ್ತಾ ತಿಂದಳು.

ಆದ್ರೆ ಪಪ್ಪಾ, ನಾನು ಊಟದ್ದು ಹೇಳಿದ್ದಲ್ಲ. ಊಟ ಬರೋಬ್ಬರಿ ಅದ. ಲೈಬ್ರರಿಯಲ್ಲಿ ಕೂತು ಕೂತು ಸಾಕಾಗ್ತದ, ಅಭ್ಯಾಸ ಆಗಲ್ಲ. ಹಳದಿ ಪೆನ್ನಿನಿಂದ ಮುಖ್ಯ ಸಾಲಿಗೆ ಗೆರೆ ಹೊಡೀಬೇಕು ಅಂತ ಮುಕ್ತಾ ಹೇಳಿದಳು. ನನಗೆ ಯಾವುದು ಮುಖ್ಯ ಗೊತ್ತಾಗಲ್ಲ. ಪುಟ ಪೂರ್ತಿ ಹಳದಿ ಆಗ್ತದ.

ಸರ್ ದಿನಾ ಒಂದೇ ಮಾತು ಹೇಳ್ತಾರ, ಪಾಠ ಮಾಡಬೇಡಿ ಅಂತ. ಪಾಠ ಮಾಡದೇ ಹೆಂಗ ಬರ್ತದ? ನಾನು ಇಲ್ಲಿ ತನಕ ಎಲ್ಲಾ ಪಾಠ ಮಾಡೇ ಪಾಸ್ ಆದವಳು. ಬೇರೆ ರೀತಿ ನನಗೆ ಯಾರೂ ತೋರಿಸಿಲ್ಲ.

ನೀವು ಬಿ.ಎ. ಮಾಡುವಾಗ ಹೆಂಗ ಮಾಡ್ತಿದ್ರಿ? ಅದು ಬರೀರಿ.

ಶರ್ವಾಣಿ

ಸಾತಪುರ, ನಾಸಿಕ್
31 ಆಗಸ್ಟ್ 2025, ರವಿವಾರ

ಶರ್ವಾಣಿ,

‘ಪಾಠ ಮಾಡಬೇಡಿ’ ಎನ್ನುವ ಪ್ರಾಧ್ಯಾಪಕರ ಸುದ್ದಿ ಮೊದಲ ಸಲ ಕೇಳುತ್ತಿದ್ದೇನೆ. ನಮ್ಮ ಕಾಲದವರು ಹಾಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸುಮ್ಮನೆ ಮಾಡುತ್ತಿರಲಿಲ್ಲ, ಅಷ್ಟೇ. ನೀವು ಹುಡುಗಿಯರು ಒಬ್ಬರಿಗೊಬ್ಬರು ಪಾಠ ಮಾಡಿ ಅವರ ನೌಕರಿಗೆ ಕುತ್ತು ತಂದೀರೆಂದು ಹೆದರಿರಬೇಕು.

ಲೈಬ್ರರಿಯಲ್ಲಿ ಕೂಡುವುದು ಅಭ್ಯಾಸ ಆಗುತ್ತಿಲ್ಲ ಎಂದೆ. ಕುರ್ಚಿ ಕಟ್ಟಿಗೆಯದೇ ಇರಬೇಕು. ನಾಲ್ಕು ತಾಸು ಕಟ್ಟಿಗೆಯ ಮೇಲೆ ಕೂತರೆ ಬೆನ್ನು ಬಾಗುತ್ತದೆ, ಬುದ್ಧಿ ನೀಗುತ್ತದೆ. ನಿನ್ನವ್ವ ಹಳೇ ಇಳಕಲ್ ಸೀರೆಯಿಂದ ಒಂದು ದಿಂಬು ಹೊಲಿದಿದ್ದಾಳೆ. ಎಸ್.ಟಿ. ಬಸ್ಸಿನ ಪಾರ್ಸೆಲ್‌ನಲ್ಲಿ ಬರುತ್ತದೆ.

ಹೊಲಿಯುತ್ತ ಆಕೆ ಒಂದು ಮಾತು ಅಂದಳು. “ಹುಡುಗಿ ಏನೋ ಹೇಳಲಾಕತ್ತಾಳ, ನೀವೇನೋ ಕೇಳಲಾಕತ್ತೀರಿ.” ನಾನಂದೆ, “ಜಯಮಾಲಾಬಾಯಿ, ಪತ್ರ ಕನ್ನಡದಾಗ ಅದ. ಈ ಮನ್ಯಾಗ ಕನ್ನಡ ಪದವೀಧರ ನಾನೊಬ್ಬನೇ.” ಆಕೆ ಸೂಜಿ ನನ್ನ ಕಡೆ ತಿರುಗಿಸಿ, “ಹೌದ್ರೀ, ಪದವಿ ಅದ, ಕಿವಿ ಇಲ್ಲ” ಎಂದಳು.

ನನ್ನ ಬಿ.ಎ.ದ ಕಥೆ ದೊಡ್ಡದು. ಪತ್ರದಲ್ಲಿ ಹಿಡಿಸುವುದಿಲ್ಲ. ಗಣಪತಿ ಪೆಂಡಾಲಿನ ಲೌಡ್‌ಸ್ಪೀಕರಿನ ಗದ್ದಲದಲ್ಲಿ ಬರೆಯುವುದೂ ಆಗುತ್ತಿಲ್ಲ. ಮುಂದೆ ನೋಡೋಣ.

ಪಪ್ಪಾ

ಸಾತಪುರ, ನಾಸಿಕ್
21 ಸೆಪ್ಟೆಂಬರ್ 2025, ರವಿವಾರ

ಶರ್ವಾಣಿ,

ನಾಲ್ಕು ವಾರವಾಯಿತು, ನಿನ್ನ ಪತ್ರ ಇಲ್ಲ.

ಮೊನ್ನೆ ಫೋನಿನಲ್ಲಿ ‘ಛಲೋ ಅದ’ ಅಂದೆ. ಎಂಟು ಸಲ ಅಂದೆ, ಎಣಿಸಿದ್ದೇನೆ. ನಿನ್ನವ್ವ ಫೋನ್ ಇಟ್ಟು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ದಿಂಬು ಮುಟ್ಟಿತೋ ಇಲ್ಲವೋ ತಿಳಿಸು. ಪ್ರಾಸ ಹುಡುಕಿದೆ, ಸಿಗಲಿಲ್ಲ.

ಪಪ್ಪಾ

ಛತ್ರಪತಿ ಸಂಭಾಜಿನಗರ
5 ಅಕ್ಟೋಬರ್ 2025

ಪಪ್ಪಾ,

ದಿಂಬು ಮುಟ್ಟಿದೆ.

ಇಂಟರ್ನಲ್ ಟೆಸ್ಟ್ ಆಯ್ತು. ಮೂವತ್ತಕ್ಕೆ ಏಳು. ವರ್ಗದಲ್ಲಿ ನನಗಿಂತ ಕಡಿಮೆ ಒಬ್ಬನಿಗೆ ಬಂದಿದೆ, ಅವನು ಆ ದಿನ ಬಂದಿರಲಿಲ್ಲ.

ಪ್ರಶ್ನೆ ನನಗೆ ಗೊತ್ತಿದ್ದದ್ದೇ. ಉತ್ತರ ಪಾಠ ಇತ್ತು. ಆದ್ರೆ ಸರ್ ಅಂಕಿ ಬದಲು ಮಾಡಿ, ಸಾಲು ತಿರುಗಿಸಿ ಕೇಳಿದ್ರು. ನಾನು ಪಾಠ ಮಾಡಿದ್ದನ್ನೇ ಹಾಗೇ ಬರೆದು ಬಂದೆ. ಪೇಪರ್ ಮೇಲೆ ಸರ್ ಕೆಂಪು ಪೆನ್ನಿನಿಂದ ಬರೆದಾರ: ಇದು ನಾನು ಕೇಳಿದ ಪ್ರಶ್ನೆ ಅಲ್ಲ.

ಪಪ್ಪಾ, ಅಭ್ಯಾಸ ಅಂದ್ರೆ ಓದೋದು. ಮರಾಠಿಯಲ್ಲಿ ಎಲ್ಲಾರೂ ಹಂಗೇ ಅಂತಾರ. ಪಾಠ ಮಾಡೋದು ಅಂದ್ರೆ ಬಾಯಿಪಾಠ ಮಾಡೋದು. ನಾನು ಆಗಸ್ಟ್‌ದಿಂದ ಒಂದೇ ಮಾತು ಹೇಳ್ತಿದ್ದೀನಿ. ನನಗೆ ಓದಲಿಕ್ಕೆ ಬರ್ತಿಲ್ಲ. ಹೆಂಗ ಓದಬೇಕು ಅದು ಬರ್ತಿಲ್ಲ. ನೀವು ಚಟ್ನಿ ಕಳಿಸಿದ್ರಿ. ದಿಂಬು ಕಳಿಸಿದ್ರಿ.

ದೀಪಾವಳಿಗೆ ಬರ್ತೀನಿ. ಪೆಟ್ಟಿಗೆ ಪೂರ್ತಿ ಕಟ್ಟಿಕೊಂಡು ಬರ್ತೀನಿ. ಹೊಳ್ಳಿ ಹೋಗೋದಿಲ್ಲ. ಅಲ್ಲೇ ಹತ್ತಿರ ಸಿನ್ನರ್‌ದಲ್ಲಿ ಯಾವುದಾದ್ರೂ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ನೋಡ್ತೀನಿ. ಮಮ್ಮಿಗೆ ಈಗಲೇ ಹೇಳಬೇಡಿ.

ಶರ್ವಾಣಿ

ಸಾತಪುರ, ನಾಸಿಕ್
9 ಅಕ್ಟೋಬರ್ 2025

ನನ್ನವ್ವ,

ನಿನ್ನ ಪತ್ರ ಇವತ್ತು ಬಂತು. ಇವತ್ತೇ ಬರೆಯುತ್ತಿದ್ದೇನೆ.

ಇದು ಎರಡು ಭಾಷೆಗಳ ನಡುವೆ ಆದ ಅಪಘಾತ. ಕನ್ನಡದಲ್ಲಿ ಅಭ್ಯಾಸ ‘ಮಾಡುವುದು’ ಬೇರೆ, ಅಭ್ಯಾಸ ‘ಆಗುವುದು’ ಬೇರೆ. ಮಾಡಿದರೆ ಓದು, ಆದರೆ ರೂಢಿ. ನೀನು ‘ಆಗ್ತಿಲ್ಲ’ ಎಂದು ಬರೆದೆ, ನಾನು ರೂಢಿ ಎಂದುಕೊಂಡೆ. ಏನು ಮಾಡುವುದು.

ಪೆಟ್ಟಿಗೆ ಕಟ್ಟುವುದಿದ್ದರೆ ಕಟ್ಟು. ಬೇಡ ಅನ್ನುವುದಿಲ್ಲ. ಆದರೆ ಬರುವ ಮುಂಚೆ ನನಗೊಂದು ಕೆಲಸ ಮಾಡಿಕೊಡು.

ನನ್ನ ಕೆಲಸ ನಿನಗೆ ಗೊತ್ತು. ಮಷಿನ್ನಿಂದ ಬುಷ್ ಬರುತ್ತವೆ, ಬಳೆಯಂಥ ಉಕ್ಕಿನ ತುಣುಕು. ತಾಸಿಗೆ ಐದು ಎತ್ತಿಕೊಂಡು ಅಳೆದು, ಚಾರ್ಟಿನ ಮೇಲೆ ಚುಕ್ಕೆ ಇಡುತ್ತೇನೆ. ನಡುವೆ ಒಂದು ಹಸಿರು ಗೆರೆ, ಮೇಲೆ ಕೆಳಗೆ ಎರಡು ಕೆಂಪು ಗೆರೆ. ಚುಕ್ಕೆ ಕೆಂಪು ದಾಟಿದರೆ ಮಷಿನ್ ನಿಲ್ಲಿಸಬೇಕು. ಹತ್ತೊಂಬತ್ತು ವರ್ಷದಿಂದ ಇಡುತ್ತಿದ್ದೇನೆ. ಹೋದ ವಾರ ಭುಜಂಗರಾವ್ ಕೇಳಿದರು: “ಮನ್ಮಥಪ್ಪಾ, ಈ ಕೆಂಪು ಗೆರೆ ಇಲ್ಲೇ ಯಾಕ? ಒಂದು ಬೊಟ್ಟು ಮ್ಯಾಲ ಯಾಕಿಲ್ಲ?” ನಾನು “ಮ್ಯಾಲಿನವರು ಕೊಟ್ಟದ್ದು” ಎಂದೆ. “ಮ್ಯಾಲಿನವರಿಗೆ ಯಾರು ಕೊಟ್ಟರು?” ಎಂದರು. ನಾನು ಚಹಾ ಕುಡಿದೆ.

ನಿನ್ನ ಪುಸ್ತಕದಲ್ಲಿ ಇದು ಇದ್ದೀತು. ಇಂಗ್ಲಿಷಿನಲ್ಲಿ ಬೇಡ, ಇಳಿಸಿ ಕಳಿಸಬೇಡ. ನನಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆ. ಆಮೇಲೆ ಬಾ.

ಪಪ್ಪಾ

ಛತ್ರಪತಿ ಸಂಭಾಜಿನಗರ
15 ಅಕ್ಟೋಬರ್ 2025

ಪಪ್ಪಾ ಅವರಿಗೆ,

ಕೆಂಪು ಗೆರೆ ಕೇಳಿದ್ರಿ.

ಮೊದಲು ಪುಸ್ತಕ ನೋಡಿ ಕನ್ನಡ ಮಾಡಲಿಕ್ಕೆ ಕೂತೆ. ಆಗಲಿಲ್ಲ. ಒಂದು ಸಾಲಿಗೂ ನನ್ನ ಹತ್ತಿರ ಕನ್ನಡ ಇಲ್ಲ. ಕಡೆಗೆ ಪುಸ್ತಕ ಮುಚ್ಚಿದೆ. ಮುಚ್ಚಿ ನಿಮಗೆ ಎದುರಿಗೆ ಕೂಡಿಸಿಕೊಂಡು ಹೇಳಿದಂಗ ಬರೆದೆ. ನಡುವೆ ನಿಂತು ಹೋಯ್ತು. ಎಲ್ಲಿ ನಿಂತಿತೋ ಅದಷ್ಟೇ ಪುಸ್ತಕದಲ್ಲಿ ನೋಡಿದೆ, ಮತ್ತೆ ಮುಚ್ಚಿದೆ. ಐದು ಸಲ ಹಿಂಗೇ ಆಯ್ತು. ಇದು ಆರನೇದು.

ಎರಡು ಮಷಿನ್ ಇವೆ ಅಂತ ತಿಳೀರಿ. ಬುಷ್ ಇಪ್ಪತ್ತು ಮಿಲಿಮೀಟರ್ ಇರಬೇಕು. ಮೊದಲ ಮಷಿನ್ ಕೊಡ್ತದ 19.99, 20.00, 20.01. ಎರಡನೇದು ಕೊಡ್ತದ 19.90, 20.00, 20.10. ಎರಡರ ಸರಾಸರಿನೂ ಇಪ್ಪತ್ತೇ. ಅಂದ್ರೆ ಸರಾಸರಿ ಕೇಳಿದ್ರೆ ಎರಡೂ ಒಳ್ಳೆ ಮಷಿನ್. ಆದ್ರೆ ಅಲ್ಲ. ಅದಕ್ಕೆ ಇನ್ನೊಂದು ಕೇಳಬೇಕು. ಸರಾಸರಿಯಿಂದ ಎಷ್ಟು ದೂರ ದೂರ ಹೋಗ್ತದ? ಕನ್ನಡದಲ್ಲಿ ಇದಕ್ಕೆ ಏನಂತಾರೋ ಗೊತ್ತಿಲ್ಲ, ನಾನು ‘ಅಲೆದಾಟ’ ಅಂತ ಬರೀತೀನಿ. ಅಲೆದಾಟಕ್ಕೆ ಒಂದು ಅಳತೆ ಅದ. ಹಸಿರು ಗೆರೆಯಿಂದ ಆ ಅಳತೆಯ ಮೂರು ಪಟ್ಟು ಮೇಲೆ ಒಂದು ಕೆಂಪು ಗೆರೆ, ಮೂರು ಪಟ್ಟು ಕೆಳಗೆ ಒಂದು.

ಅಂದ್ರೆ ಆ ಗೆರೆ ಮ್ಯಾಲಿನವರು ಕೊಟ್ಟದ್ದಲ್ಲ, ಮಷಿನ್ನೇ ಕೊಟ್ಟದ್ದು. ನಾನು ದಿನಾ ಇಷ್ಟು ಅಲೀತೀನಿ ಅಂತ ಅದು ಮೊದಲೇ ಹೇಳಿರ್ತದ. ಅದಕ್ಕಿಂತ ಹೊರಗೆ ಹೋದ್ರೆ ಬೇರೆ ಏನೋ ಆಗಿದೆ, ನಿಲ್ಲಿಸಿ ನೋಡಬೇಕು. ಭುಜಂಗ ಕಾಕಾಗೆ ಹೇಳಿ.

ಬರೆ, ಮರೆ, ಕರೆ. ನಿಮ್ಮ ಮಾತು ಗೋಡೆ ಮೇಲೆ ಮೂರು ತಿಂಗಳಿಂದ ಇತ್ತು. ‘ಮರೆ’ ಯಾಕೆ ಅಂದ್ರಿ ಅಂತ ಇವತ್ತು ತಿಳೀತು.

ಪೆಟ್ಟಿಗೆ ಕಟ್ಟಿದ್ದೀನಿ. ಶನಿವಾರ ಬರ್ತೀನಿ.

ಶರ್ವಾಣಿ

ಛತ್ರಪತಿ ಸಂಭಾಜಿನಗರ
9 ನವೆಂಬರ್ 2025

ತೀರ್ಥರೂಪ ಪಪ್ಪಾ ಅವರಿಗೆ ನಮಸ್ಕಾರಗಳು.

ದೀಪಾವಳಿಯಲ್ಲಿ ಹೇಳಬೇಕು ಅಂದದ್ದು ಹೇಳಲಿಲ್ಲ. ನೀವೂ ಕೇಳಲಿಲ್ಲ. ಪೆಟ್ಟಿಗೆ ನಾಲ್ಕು ದಿನ ಬಾಗಿಲ ಹಿಂದೆ ಇತ್ತು. ಮಮ್ಮಿ ಅದರ ಸುತ್ತ ರಂಗೋಲಿ ಹಾಕಲಿಲ್ಲ, ಅಷ್ಟೇ.

ನೀವು ಕಾರ್ಖಾನೆಯ ಹಳೇ ಚಾರ್ಟ್ ತಂದು ನೆಲದ ಮೇಲೆ ಹಾಸಿದ್ರಿ. ನಾನು ಅದನ್ನು ತಿರುವಿ ಹಾಕಿ, ನೋಡದೇ ಹೇಳಿ ಅಂದೆ. ಮೊದಲ ಸಲ ನೀವು ಸರಾಸರಿಗೇ ಕೆಂಪು ಗೆರೆ ಅಂದ್ರಿ. ಎರಡನೇ ಸಲ ಪ್ರಾಸ ಹೇಳಿದ್ರಿ. ಪ್ರಾಸ ಬೇಡ ಅಂದೆ. ಮೂರನೇ ಸಲ ಕಣ್ಣು ಮುಚ್ಚಿ, ಬೆರಳಿನಿಂದ ನೆಲದ ಮೇಲೆ ಮಷಿನ್ ಬರೆದು, ಪೂರ್ತಿ ಸರಿ ಹೇಳಿದ್ರಿ. ಮಮ್ಮಿ “ಬುಷ್ ಪುರಾಣ ಮುಗದಿದ್ರ ಕರ್ಚಿಕಾಯಿ ತಿನ್ರಿ” ಅಂದಳು. ನೀವು ನಗಲಿಲ್ಲ. ನಿಮ್ಮ ಕಣ್ಣು ನೋಡಿದೆ, ನಿಜವಾಗಿ ತಿಳಿದಂಗ ಇತ್ತು. ಮರುದಿನ ಪೆಟ್ಟಿಗೆ ಎತ್ತಿಕೊಂಡು ಬಸ್ಸಿಗೆ ಬಂದೆ.

ಈಗ ಕ್ಷಮೆ ಕೇಳಬೇಕು. ಅಕ್ಟೋಬರ್‌ದಲ್ಲಿ ಸಿಟ್ಟಿನಿಂದ ಬರೆದೆ. ತಪ್ಪು ನಂದೇ. ನನ್ನ ಕನ್ನಡ ಸರಿ ಇದ್ದಿದ್ರೆ ನೀವು ಆಗಸ್ಟ್‌ದಲ್ಲೇ ತಿಳಿದು, ಹೆಂಗ ಓದಬೇಕು ಅಂತ ಹೇಳ್ತಿದ್ರಿ. ಎರಡು ತಿಂಗಳು ನನ್ನ ಒಂದು ಪದದಿಂದ ಹೋದವು. ಫೋನಿನಲ್ಲಿ ಹೇಳಲಿಕ್ಕೆ ನಾಚಿಕೆ ಆಗ್ತಿತ್ತು. ನೀವು ಫಸ್ಟ್ ಕ್ಲಾಸ್, ನಾನು ಏಳು.

ಅದಕ್ಕೆ ಇನ್ನು ಮುಂದೆ ಮರಾಠಿಯಲ್ಲಿ ಬರೀತೀನಿ ಪಪ್ಪಾ. ನಿಮಗೆ ಓದಲಿಕ್ಕೆ ಬರ್ತದ. ಕನ್ನಡದಲ್ಲಿ ಮತ್ತೆ ತಪ್ಪು ಬರೆದು ನಿಮಗೆ ತ್ರಾಸ ಕೊಡೋದು ಬೇಡ.

ಡಿಸೆಂಬರ್ ಒಂದಕ್ಕೆ ಸೆಮಿಸ್ಟರ್ ಪರೀಕ್ಷೆ. ಪುಸ್ತಕ ಮುಚ್ಚಿ ಓದ್ತಿದ್ದೀನಿ. ಪಾಸ್ ಆಗ್ತೀನೋ ಇಲ್ಲೋ ಹೇಳಲಿಕ್ಕೆ ಬರಲ್ಲ, ಆದ್ರೆ ಏನು ಗೊತ್ತಿಲ್ಲ ಅನ್ನೋದು ಈಗ ಗೊತ್ತಾಗ್ತದ. ದಿಂಬು ಬಹಳ ಉಪಯೋಗ ಆಗ್ತಿದೆ.

ಶರ್ವಾಣಿ

ಸಾತಪುರ, ನಾಸಿಕ್
16 ನವೆಂಬರ್ 2025, ರವಿವಾರ

ಮಾನ್ಯ ಸಭಾಧ್ಯಕ್ಷರೇ, ಪರೀಕ್ಷೆಯ ಹೊಸ್ತಿಲಲ್ಲಿ ನಿಂತ ವಿದ್ಯಾರ್ಥಿನಿಯರೇ, ದಿಂಬಿನ ಸದುಪಯೋಗ ಪಡೆದ

ಇಲ್ಲ. ಇದು ಮೂರನೇ ಹಾಳೆ. ಮೊದಲಿನ ಎರಡರಲ್ಲಿಯೂ ಇಲ್ಲಿಗೇ ನಿಂತೆ. ನಿನ್ನವ್ವ ಎದುರಿಗೆ ಕೂತಿದ್ದಾಳೆ. ಓದಿ ತೋರಿಸು ಅನ್ನುತ್ತಿಲ್ಲ.

ಮೊದಲು ಸಣ್ಣದು. ‘ಮರೆ’ ಎಂದು ನಾನು ಬರೆದದ್ದು ಪ್ರಾಸಕ್ಕೆ. ‘ಬರೆ’ಗೆ ‘ಮರೆ’, ‘ಮರೆ’ಗೆ ‘ಕರೆ’. ಪುಸ್ತಕ ಮುಚ್ಚಿ ಓದಬೇಕೆಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಒಂದು ದಿನವೂ ಹಾಗೆ ಓದಿದವನಲ್ಲ. ಅದರೊಳಗೆ ಅರ್ಥ ಇಟ್ಟವಳು ನೀನು. ನೆಲದ ಮೇಲೆ ಚಾರ್ಟ್ ತಿರುವಿ ಹಾಕಿ ‘ನೋಡದೇ ಹೇಳಿ’ ಎಂದೆಯಲ್ಲ, ನಲವತ್ತೈದು ವರ್ಷದಲ್ಲಿ ನನಗೆ ಒಂದು ವಿಷಯ ನಿಜವಾಗಿ ತಿಳಿದದ್ದು ಆವತ್ತು. ಅದಕ್ಕೇ ನಗಲಿಲ್ಲ.

ನನ್ನ ಬಿ.ಎ. ಫಸ್ಟ್ ಕ್ಲಾಸ್ ಅಲ್ಲ. ಪಾಸ್ ಕ್ಲಾಸ್. ಮೊದಲ ವರ್ಷ ಎರಡು ಸಲ ಕೂತೆ. ಇಪ್ಪತ್ತು ಪ್ರಶ್ನೆಗೆ ಇಪ್ಪತ್ತು ಉತ್ತರ, ಪ್ರಾಸ ಕಟ್ಟಿ ಬಾಯಿಪಾಠ ಮಾಡಿ ಹೋಗುವುದು. ಪ್ರಶ್ನೆ ತಿರುಗಿಸಿ ಕೇಳಿದರೆ ಅಲ್ಲಿಗೆ ಮುಗಿಯಿತು. ನಿನ್ನ ಪೇಪರಿನ ಮೇಲಿನ ಕೆಂಪು ಸಾಲು ನನ್ನ ಪೇಪರಿನ ಮೇಲೂ ಬರಬೇಕಿತ್ತು. ನಮ್ಮವರು ಬರೆಯಲಿಲ್ಲ, ಸೊನ್ನೆ ಇಟ್ಟು ಬಿಟ್ಟರು.

ಈಗ ದೊಡ್ಡದು. ನೀನು ಮರಾಠಿಯಲ್ಲಿ ಬರೆಯುತ್ತೇನೆ ಎಂದೆ, ನಿನ್ನ ಕನ್ನಡದ ತಪ್ಪಿಗಾಗಿ. ಇದನ್ನು ಹೇಳದೆ ಇನ್ನು ಇರಲಿಕ್ಕಾಗುವುದಿಲ್ಲ.

ಇಪ್ಪತ್ತೆರಡು ವರ್ಷದಿಂದ ಈ ಊರಿನಲ್ಲಿದ್ದೇನೆ. ಸಂಜೆ ನಮ್ಮ ಚಾಳಿನಲ್ಲಿ ಯಾವ ಬಾಗಿಲ ಮುಂದೆ ಹಾದರೂ ಒಳಗಿಂದ ಬರುವುದು ಒಂದೇ ಕೂಗು: ಅಭ್ಯಾಸ ಝಾಲಾ ಕಾ, ಓದಾಯಿತೇನು? ನೀನು ಒಂದನೇ ವರ್ಗದಲ್ಲಿದ್ದಾಗಿನಿಂದ ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಡುವ ಮುಂಚೆ ನಾನೇ ನಿನಗೆ ಕೇಳುತ್ತಿದ್ದೆ. ಆ ಪದ ನನಗೆ ಗೊತ್ತಿಲ್ಲವೆಂದು ನೀನು ಹೇಗೆ ನಂಬಿದೆ?

ನಿನ್ನವ್ವ ನಂಬಿರಲಿಲ್ಲ.

ಹೆಂಗ ಓದಬೇಕು ಎಂದು ನೀನು ಕೇಳಿದೆ. ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಎರಡರ್ಥದ ಒಂದು ಪದ ಸಿಕ್ಕಿತು, ಅದರ ಹಿಂದೆ ನಿಂತುಕೊಂಡೆ. ಮೂರು ಸಲ ಓದಿದ್ದು ಅರ್ಥವಾಗಲಿಲ್ಲವೆಂದಲ್ಲ.

ಬೇಕಾದ ಭಾಷೆಯಲ್ಲಿ ಬರೆ. ಆದರೆ ತಪ್ಪಾಯಿತೆಂದು ಕನ್ನಡ ಬಿಡಬೇಡ. ನಿನ್ನ ಸಾಲಿನಲ್ಲಿ ಒಂದು ಕಾಗುಣಿತವೂ ತಪ್ಪಿರಲಿಲ್ಲ. ಓದಿದೆ, ತಿಳಿಯಿತು, ಚಟ್ನಿ ಕಳಿಸಿದೆ.